‘ಇವನ ಮಾರಿನೇ ಹಂಗ ಅದರಿ’: ಒಂದು ಆಪ್ತಸಲಹೆ ಪ್ರಕರಣ

“ಮೇಡಂರೀ, ಇವನ ಮಾರಿನೇ ಹಂಗ ಅದರಿ. ಮನಸ ಹಂಗಿಲ್ಲ.”

ಕಲಬುರಗಿಯ ನನ್ನ ಕೋಣೆಗೆ ಬಂದ ಆ ತಾಯಿ ಕೂಡುವ ಮುಂಚೆಯೇ ಹೇಳಿದ ಮಾತು ಇದು. ಅವರ ಹಿಂದೆ ಹುಡುಗ ಬಾಗಿಲಲ್ಲೇ ನಿಂತಿದ್ದ. ಅಗಲ ಮುಖ, ಎದ್ದು ಕಾಣುವ ಕೆನ್ನೆ ಎಲುಬು, ಚೌಕಾಗಿ ಕೂತ ದವಡೆ, ದಟ್ಟ ಹುಬ್ಬು. ತಲೆ ತಗ್ಗಿಸಿದ್ದವನು ಕಣ್ಣನ್ನಷ್ಟೇ ಮೇಲೆತ್ತಿ ನನ್ನ ಕಡೆ ನೋಡಿದ. ಒಂದು ಕ್ಷಣ ನನಗೂ ಅಳುಕಾಯಿತು. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿರುವವಳಿಗೂ ಹಾಗಾಯಿತು ಎಂಬುದನ್ನು ಮುಚ್ಚಿಡದೆ ಬರೆಯಬೇಕು. ಈ ಹುಡುಗನ ಕಷ್ಟವೆಲ್ಲ ಹುಟ್ಟಿದ್ದು ಇಂಥದೇ ಕ್ಷಣಗಳಿಂದ.

ಅವನನ್ನು ಇಲ್ಲಿ ಮಲ್ಲು ಎಂದು ಕರೆಯುತ್ತೇನೆ. ಹೆಸರು, ಊರು, ಗುರುತು ಹತ್ತುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯುವ ಮುಂಚೆ ಅವನನ್ನೂ ಅವನ ತಾಯಿಯನ್ನೂ ಕೇಳಿದ್ದೇನೆ. ಯಾದಗಿರಿ ಜಿಲ್ಲೆಯ ಹಳ್ಳಿಯವನು, ಹದಿನೇಳು ವರ್ಷ, ಕಲಬುರಗಿಯ ಹಾಸ್ಟೆಲಿನಲ್ಲಿದ್ದು ದ್ವಿತೀಯ ಪಿಯುಸಿ ಓದುತ್ತಿದ್ದ. ತಂದೆ ವರ್ಷದಲ್ಲಿ ಎಂಟು ತಿಂಗಳು ಪುಣೆ ಕಡೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುತ್ತಾರೆ. ತಾಯಿ ತೊಗರಿ ಹೊಲದ ಕೂಲಿ. ಹೊಡೆದಾಟ ಮಾಡಿದನೆಂದು ಹಾಸ್ಟೆಲಿನಿಂದ ಹದಿನೈದು ದಿನ ಹೊರಗೆ ಹಾಕಿದ್ದರು. ಮತ್ತೆ ಒಳಗೆ ಸೇರಬೇಕೆಂದರೆ ಆಪ್ತಸಲಹೆಗಾರರನ್ನು ಕಂಡು ಚೀಟಿ ತರಬೇಕೆಂದು ಹೇಳಿದ್ದರಿಂದ ಬಂದಿದ್ದರು. ಚೀಟಿಗಾಗಿ ಬಂದವನು ನಾಲ್ಕು ತಿಂಗಳಲ್ಲಿ ಏಳು ಸಲ ಬಂದ.

ಮೊದಲ ದಿನ ಅವನು ಹೆಚ್ಚು ಮಾತಾಡಲಿಲ್ಲ. ಜೀವಕ್ಕೆ ಅಪಾಯ ಇರುವ ವಿಷಯ ಬಂದರೆ ಮಾತ್ರ ಹಿರಿಯರಿಗೆ ತಿಳಿಸುತ್ತೇನೆ, ಉಳಿದದ್ದು ಈ ಕೋಣೆ ದಾಟುವುದಿಲ್ಲ ಎಂದು ಹೇಳಿ, ತಾಯಿಯನ್ನು ಹೊರಗೆ ಕೂರಿಸಿ, ನೀರು ಕೊಟ್ಟೆ. ಎರಡನೆಯ ಭೇಟಿಯಲ್ಲಿ ಬಾಯಿ ಬಿಟ್ಟ.

ಜಗಳ ಮೂರು. ಮೊದಲನೆಯದು ಚಾರ್ಜರ್ ಸಲುವಾಗಿ. ಕರೆಂಟ್ ಹೋಗಿತ್ತು, ಕೋಣೆಯೊಳಗೆ ಮೂವರು ಹುಡುಗರು ಕೈ ಕೈ ಮಿಲಾಯಿಸಿದ್ದರು. ಇವನು ಗದ್ದಲ ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದನಂತೆ. ವಾರ್ಡನ್ ಟಾರ್ಚ್ ಬಿಟ್ಟಾಗ ಮೊದಲು ಕಂಡದ್ದು ಇವನ ಮುಖ. “ನೀನೇ ಏನಲೇ?” ಅಂದರು. ಇವನು ತಲೆ ತಗ್ಗಿಸಿದ. ಹಿರಿಯರು ಗದರಿದಾಗ ಎದುರು ಮಾತಾಡಬಾರದು, ತಲೆ ತಗ್ಗಿಸಿ ನಿಲ್ಲಬೇಕು ಎಂದು ಅವನ ಆಯಿ (ಅಜ್ಜಿ) ಚಿಕ್ಕಂದಿನಿಂದ ಕಲಿಸಿದ್ದಳು. ಹಾಸ್ಟೆಲಿನಲ್ಲಿ ಜಗಳ ಬರೆದಿಡುವ ಪುಸ್ತಕದಲ್ಲಿ ಅವನ ಹೆಸರೇ ಮೊದಲು ಬಿತ್ತು.

ಎರಡನೆಯದರಲ್ಲಿ ಅವನು ಹೊಡೆದಿರಲಿಲ್ಲ, ಆದರೆ ತಾನಾಗಿಯೇ ಹೋಗಿದ್ದ. ಡಿಗ್ರಿ ಓದುವ ಹುಡುಗರು ಕರೆದಿದ್ದರು: “ಮಲ್ಲ್ಯಾ, ನೀ ಏನೂ ಮಾಡಬ್ಯಾಡ. ಬಂದು ನಮ್ಮ ಬಾಜೂಕ ನಿಂದ್ರು, ಸಾಕು.” ಹೋಗಿ ನಿಂತ. ಎದುರಿನ ಗುಂಪು ಹಿಂದೆ ಸರಿಯಿತು. ಆಮೇಲೆ ಮಿರ್ಚಿ ಭಜಿ, ಚಹಾ. “ಖರೇ ಹೇಳ್ಬೇಕಂದ್ರ ನನಗ ಚಲೋ ಅನಸ್ತು ಮೇಡಂ. ಹಾಸ್ಟೆಲ್‌ಗ ಬಂದ ಮ್ಯಾಲೆ ಯಾರೂ ನನ್ನ ಹೆಸರು ಹಿಡದು ಕರದಿದ್ದಿಲ್ಲ.” ಈ ಮಾತನ್ನು ನನ್ನ ಟಿಪ್ಪಣಿಯಲ್ಲಿ ಎರಡು ಗೆರೆ ಎಳೆದು ಬರೆದುಕೊಂಡೆ.

ಮೂರನೆಯದರಲ್ಲಿ ಇವನೇ ಹೊಡೆದ. ಊಟದ ಸಾಲಿನಲ್ಲಿ ಒಬ್ಬ ಹುಡುಗ “ಗೂಂಡಾ ಬಂದ, ಜಾಗ ಬಿಡ್ರೋ” ಅಂದಿದ್ದಕ್ಕೆ ತಾಟಿನಿಂದಲೇ ಮುಖಕ್ಕೆ ಹೊಡೆದುಬಿಟ್ಟ. ಆ ಹುಡುಗನ ಮುಂದಿನ ಹಲ್ಲು ಮುರಿಯಿತು.

“ಹೊಡೆದದ್ದು ಯಾಕೆ?” ಎಂದು ಕೇಳಿದಾಗ ಅವನು ಉತ್ತರ ಕೊಡದೆ ಮೊಬೈಲ್ ತೆಗೆದ. ಅದರಲ್ಲಿ ಒಂದು ರೀಲ್ಸ್. ಮುಖದ ಮೇಲೆ ಗೆರೆ ಎಳೆದು, ಅಗಲ ಎತ್ತರ ಅಳೆದು, ಇಷ್ಟು ಬಂದರೆ ಇಂಥ ಗಂಡಸು ಎಂದು ಹೇಳುವ ಜಾತಿಯದು. “ನಂದು 2.14 ಬಂದಾದ ಮೇಡಂ. 2 ದಾಟಿದ್ರ ಅಂವ ಹುಟ್ಟಾ ಹೊಡ್ಯಾಂವ ಅಂತ ಅದರಾಗ ಹೇಳ್ಯಾರ. ನನ್ನ ಎಲುಬಿನಾಗೇ ಅದ. ನಾ ಏನ್ ಮಾಡ್ಲಿ?”

ಅವನ ದನಿಯಲ್ಲಿ ಜಂಬವೂ ಇತ್ತು, ಭಯವೂ ಇತ್ತು.

ಇಂಥ ಹೊತ್ತಿನಲ್ಲಿ “ಅದೆಲ್ಲ ಸುಳ್ಳು ತಮ್ಮಾ, ಬಿಡು” ಎಂದರೆ ಹುಡುಗರು ನಮ್ಮನ್ನು ನಂಬುವುದು ಬಿಡುತ್ತಾರೆ. ಮೊಬೈಲಿನಲ್ಲಿ ಹುಡುಕಿದರೆ ನಿಜವಾದ ಸಂಶೋಧನೆಯ ಹೆಸರುಗಳೇ ಸಿಗುತ್ತವೆ. ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎರಡು ಕೆನ್ನೆ ಎಲುಬುಗಳ ನಡುವಿನ ಅಗಲವನ್ನು, ಮೇಲ್ದುಟಿಯಿಂದ ಹುಬ್ಬಿನವರೆಗಿನ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಅಗಲ 13 ಸೆಂಟಿಮೀಟರ್, ಎತ್ತರ 7 ಇದ್ದರೆ 1.86. ಕೆನಡಾದ ಜಸ್ಟಿನ್ ಕಾರೆ ಮತ್ತು ಶೆರಿಲ್ ಮೆಕಾರ್ಮಿಕ್ 2008ರಲ್ಲಿ ಐಸ್ ಹಾಕಿ ಆಟಗಾರರ ಫೋಟೊ ಅಳೆದರು. ಅಗಲ ಮುಖದವರು ಒರಟಾಟಕ್ಕೆ ದಂಡವಾಗಿ ಆಟದಿಂದ ಹೊರಗೆ ಕೂತ ನಿಮಿಷಗಳು ಹೆಚ್ಚು ಎಂದು ಬರೆದರು. ಈ ಸಂಖ್ಯೆಗೆ ರೆಕ್ಕೆ ಬಂದದ್ದು ಅಲ್ಲಿಂದ. 2012ರಲ್ಲಿ ಇನ್ನೊಂದು ತಂಡ ವೃತ್ತಿಪರ ಹಾಕಿ ಆಟಗಾರರನ್ನು ಇನ್ನೂ ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಂಡು ನೋಡಿದಾಗ ಮೈತೂಕಕ್ಕೂ ಒರಟಾಟಕ್ಕೂ ನಂಟು ಸಿಕ್ಕಿತು, ಮುಖದ ಅಗಲಕ್ಕೆ ಸಿಗಲಿಲ್ಲ.

“ನಿನ್ನ ತೂಕ ಎಷ್ಟು?”

“ಎಪ್ಪತ್ತೆಂಟು.”

“ಮತ್ತ ತೂಕದ ಯಂತ್ರದ ಮ್ಯಾಲೆ ನಿಂತು ನಾ ಹುಟ್ಟಾ ಹೊಡ್ಯಾಂವ ಅಂತ ಅಂದೀ ಏನು?”

ಅವನು ಮೊದಲ ಸಲ ನಕ್ಕ.

2015ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದಾಗ ಗಂಡಸರ ಮುಖದ ಅಗಲಕ್ಕೂ ಆಕ್ರಮಣಕಾರಿ ನಡವಳಿಕೆಗೂ ಇರುವ ನಂಟಿನ ಅಳತೆ 0.11 ಬಂತು; ಪೂರ್ತಿ ನಂಟಿದ್ದರೆ ಅದು 1, ಪಾಲಿನ ಲೆಕ್ಕಕ್ಕೆ ಈ ಸಂಖ್ಯೆಯನ್ನು ಅದರಿಂದಲೇ ಗುಣಿಸಬೇಕು. ಅಂದರೆ ಮನುಷ್ಯ ಮನುಷ್ಯನ ನಡುವೆ ಆಕ್ರಮಣದಲ್ಲಿ ಕಾಣುವ ವ್ಯತ್ಯಾಸವನ್ನು ನೂರು ಪಾಲು ಮಾಡಿದರೆ ಮುಖದ ಲೆಕ್ಕಕ್ಕೆ ಬರುವುದು ಸುಮಾರು ಒಂದು ಪಾಲು. ತೊಗರಿ ಹೊಲದ ಹುಡುಗ, ಅದಕ್ಕೇ ಹಾಗೆಯೇ ಹೇಳಿದೆ: ನೂರು ಕಾಳಿನಲ್ಲಿ ಒಂದು ಕಾಳು, ಉಳಿದ ತೊಂಬತ್ತೊಂಬತ್ತು ಬೇರೆ ಕಡೆಯಿಂದ ಬಂದವು. 2017ರಲ್ಲಿ ಮಿಖಾಲ್ ಕೊಸಿನ್ಸ್ಕಿ ಎಂಬ ಸಂಶೋಧಕ 1,37,000ಕ್ಕೂ ಹೆಚ್ಚು ಜನರ ಮುಖದ ಅಳತೆಯನ್ನು, ಅವರು ತಮ್ಮ ಸ್ವಭಾವದ ಬಗ್ಗೆ ಕೊಟ್ಟ ಉತ್ತರಗಳ ಜೊತೆ ಇಟ್ಟು ನೋಡಿದಾಗ ಆ ಒಂದು ಕಾಳೂ ಕೈಗೆ ಹತ್ತಲಿಲ್ಲ.

ಕಾದಾಡುವ ಶಕ್ತಿಯ ಮಾತು ಸ್ವಲ್ಪ ಬೇರೆ. ಮುಖದ ಫೋಟೊ ಮಾತ್ರ ತೋರಿಸಿದರೂ ಜನ ಒಬ್ಬನ ತೋಳಿನ ಬಲವನ್ನು ಒಂದು ಮಟ್ಟಕ್ಕೆ ಸರಿಯಾಗಿ ಅಂದಾಜು ಮಾಡುತ್ತಾರೆ ಎಂದು 2009ರಲ್ಲಿ ಏರನ್ ಸೆಲ್ ಮತ್ತು ಸಂಗಡಿಗರು ತೋರಿಸಿದರು. ಮಿಶ್ರ ಸಮರಕಲೆಯ (ಎಂಎಂಎ) ಪಟುಗಳಲ್ಲಿ ಅಗಲ ಮುಖದವರ ಗೆಲುವು ಹೆಚ್ಚು ಎಂಬ ಅಧ್ಯಯನವೂ 2015ರಲ್ಲಿ ಬಂದಿದೆ. ನನಗೆ ಇದನ್ನು ಅಲ್ಲಗಳೆಯುವ ಮನಸ್ಸಿಲ್ಲ. ಗಟ್ಟಿ ಆಳು ಗಟ್ಟಿಯಾಗಿ ಕಾಣುತ್ತಾನೆ, ಅದರಲ್ಲಿ ಏನು ಆಶ್ಚರ್ಯ? ಬಲ ಎಷ್ಟಿದೆ ಎಂಬುದು ಮುಖದಲ್ಲಿ ಅಷ್ಟಿಷ್ಟು ಕಾಣಬಹುದು. ಆ ಬಲವನ್ನು ಯಾರ ಮೇಲೆ, ಯಾವಾಗ ಎತ್ತುತ್ತಾನೆ ಎಂಬುದು ಕಾಣುವುದಿಲ್ಲ. ಹಾಸ್ಟೆಲಿನವರು ಹೇಳುತ್ತಿದ್ದದ್ದು ಎರಡನೆಯದನ್ನು.

ಮಲ್ಲು ಒಂಬತ್ತನೇ ಇಯತ್ತೆಯವರೆಗೆ ಊರ ಗರಡಿಗೆ ಹೋಗುತ್ತಿದ್ದ. ಈ ಮಾತು ಬಂದಾಗ ಅವನೇ ನೆನಪು ಮಾಡಿಕೊಂಡ. “ನಮ್ಮ ವಸ್ತಾದರು ಮಾರಿ ನೋಡಿ ಜೋಡಿ ಹಚ್ಚತಿದ್ದಿಲ್ಲರಿ. ತೂಕ ನೋಡಿ, ಎಷ್ಟು ವರ್ಷ ಮಣ್ಣಾಗ ಬಿದ್ದಾನ ಅಂತ ನೋಡಿ ಹಚ್ಚತಿದ್ರು.” ಜಾತ್ರೆಯ ಕುಸ್ತಿಯಲ್ಲಿ ತನ್ನನ್ನು ಎತ್ತಿ ಒಗೆದವನು ಉದ್ದ ಮುಖದ, ಕಟ್ಟಿಗೆಯಂಥ ಹುಡುಗ ಎಂದೂ ಹೇಳಿದ. ಗರಡಿ ಯಾಕೆ ಬಿಟ್ಟೆ ಎಂದರೆ ಆಯಿ ಬಿಡಿಸಿದಳಂತೆ. ಅವನ ಕಾಕಾ ಹೊಲದ ಬದುವಿನ ಜಗಳದಲ್ಲಿ ಒಬ್ಬನನ್ನು ಕೊಡಲಿಯಿಂದ ಹೊಡೆದು ಜೈಲಿಗೆ ಹೋಗಿದ್ದ. “ಇವನಿಗಿ ಕಾಕಾನ ಮಾರಿನೇ ಬಂದಾದ, ಗರಡಿ ಬ್ಯಾರೆ ಹಚ್ಚಬ್ಯಾಡ್ರಿ” ಎಂದು ಆಯಿ ಹಟ ಹಿಡಿದಿದ್ದಳು. ಆಗ ಅವನಿಗೆ ಹದಿನಾಲ್ಕು ವರ್ಷ. ಆಯಿ ದ್ವೇಷದಿಂದ ಹೇಳಿದವಳಲ್ಲ, ಮೊಮ್ಮಗ ಕೈ ತಪ್ಪಬಾರದೆಂದು ಹೆದರಿ ಹೇಳಿದವಳು. ಆದರೂ ಹದಿನಾಲ್ಕರ ಹುಡುಗನ ಕಿವಿಗೆ ಅದು ಭವಿಷ್ಯ ನುಡಿದಂತೆ ಬಿತ್ತು.

ಮೂರನೆಯ ಭೇಟಿಯಲ್ಲಿ ನಾವಿಬ್ಬರೂ ಕೂಡಿ ಅವನ ಮೊಬೈಲಿನಲ್ಲಿ ಮೂರು ಫೋಟೊ ತೆಗೆದೆವು. ಒಂದು ಅವನೇ ಕೈ ಚಾಚಿ ತೆಗೆದ ಸೆಲ್ಫಿ. ಇನ್ನೊಂದು ನಾನು ಆರು ಅಡಿ ದೂರ ನಿಂತು ತೆಗೆದದ್ದು, ತಲೆ ನೆಟ್ಟಗೆ. ಮೂರನೆಯದು ಅದೇ ದೂರದಿಂದ, “ವಾರ್ಡನ್ ಮುಂದ ಹೆಂಗ ನಿಂದರ್ತಿ ಹಂಗ ನಿಂದ್ರು” ಎಂದು ಹೇಳಿ ತೆಗೆದದ್ದು. ಮೂರನ್ನೂ ಅವನ ಆ್ಯಪ್‌ಗೆ ಹಾಕಿದೆವು. ಸೆಲ್ಫಿಗೆ 1.81. ದೂರದ್ದಕ್ಕೆ 1.93. ತಲೆ ತಗ್ಗಿಸಿದ್ದಕ್ಕೆ 2.16. ಒಂದೇ ಹುಡುಗ, ಒಂದೇ ಎಲುಬು, ಐದು ನಿಮಿಷದಲ್ಲಿ ಮೂರು ಸಂಖ್ಯೆ. ಕ್ಯಾಮೆರಾ ತೀರ ಹತ್ತಿರ ಬಂದಾಗ ಮೂಗು ಬಾಯಿ ಮುಂದೆ ಬಂದು ಕೆನ್ನೆಗಳು ಹಿಂದೆ ಸರಿಯುತ್ತವೆ, ಮುಖ ಕಿರಿದಾಗಿ ಕಾಣುತ್ತದೆ. ತಲೆ ತಗ್ಗಿಸಿದರೆ ಹುಬ್ಬಿಗೂ ತುಟಿಗೂ ಇರುವ ಅಂತರ ಕುಗ್ಗಿದಂತಾಗಿ ಮುಖ ಅಗಲವಾಗುತ್ತದೆ.

ಅವನು ಮೂರನೆಯ ಫೋಟೊವನ್ನು ಬಹಳ ಹೊತ್ತು ನೋಡಿದ. ತಲೆ ಕೆಳಗೆ, ಕಣ್ಣು ಮೇಲೆ. ಹುಬ್ಬುಗಳು ಮೂಗಿನ ಕಡೆ ಇಳಿದು, ಗಂಟಿಕ್ಕಿದಂತೆ ಕಾಣುತ್ತಿದ್ದವು. ಅವನು ಗಂಟಿಕ್ಕಿರಲಿಲ್ಲ.

“ಮೇಡಂ, ಇದರಾಗ ನಾ ಹೊಡೀಲಾಕ ನಿಂತಂಗ ಕಾಣ್ತೀನಿ.”

“ಆವಾಗ ಮನಸಿನಾಗ ಏನಿತ್ತು?”

“ಹೆದರಿಕಿ.”

ಇದಕ್ಕೂ ಅಧ್ಯಯನ ಇದೆ. 2019ರಲ್ಲಿ ಜಕಾರಿ ವಿಟ್‌ಕೋವರ್ ಮತ್ತು ಜೆಸಿಕಾ ಟ್ರೇಸಿ, ಯಾವ ಭಾವವೂ ಇಲ್ಲದ ಮುಖವನ್ನು ಬರೇ ಕೆಳಗೆ ಬಾಗಿಸಿದರೆ ನೋಡುವವರಿಗೆ ಅದು ದರ್ಪದ ಮುಖವಾಗಿ ಕಾಣುತ್ತದೆ ಎಂದು ತೋರಿಸಿದ್ದಾರೆ. ಹುಬ್ಬಿನ ಆಕಾರ ಬದಲಾದಂತೆ ಕಾಣುವುದೇ ಅದಕ್ಕೆ ಕಾರಣ. ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ಕಲಿಸುವ ವಿನಯದ ನಿಲುವು, ಕಣ್ಣು ಸ್ವಲ್ಪ ಮೇಲೆತ್ತಿದರೆ ಸಾಕು, ನೋಡುವವರಿಗೆ ದುರುಗುಟ್ಟಿದ ಹಾಗೆ ಆಗಿಬಿಡುತ್ತದೆ. ವಾರ್ಡನ್ ಗದರಿದಷ್ಟೂ ಇವನು ತಲೆ ತಗ್ಗಿಸುತ್ತಿದ್ದ, ಇವನು ತಲೆ ತಗ್ಗಿಸಿದಷ್ಟೂ ವಾರ್ಡನ್‌ಗೆ “ಇವನಿಗೆ ಎಷ್ಟು ಸೊಕ್ಕು” ಅನ್ನಿಸುತ್ತಿತ್ತು. ಮೊದಲ ದಿನ ನನಗೆ ಅಳುಕಾದದ್ದೂ ಇದರಿಂದಲೇ. ಜನ ಮುಖ ನೋಡಿ ಅಭಿಪ್ರಾಯ ಕಟ್ಟಿಕೊಳ್ಳಲು ಒಂದು ಸೆಕೆಂಡಿನ ಹತ್ತನೇ ಒಂದು ಪಾಲು ಸಾಕು ಎಂದು 2006ರಲ್ಲಿ ಜನೈನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ ಕಂಡುಕೊಂಡಿದ್ದರು. ಹೆಚ್ಚು ಹೊತ್ತು ನೋಡಲು ಬಿಟ್ಟರೆ ಜನರಿಗೆ ತಮ್ಮ ತೀರ್ಮಾನದ ಮೇಲೆ ಭರವಸೆ ಹೆಚ್ಚುತ್ತಿತ್ತು, ತೀರ್ಮಾನ ಅಷ್ಟಾಗಿ ಬದಲಾಗುತ್ತಿರಲಿಲ್ಲ. ಮುಖದ ಅಗಲದ ಅಧ್ಯಯನಗಳಲ್ಲೂ ಅಷ್ಟೇ: ಅಗಲ ಮುಖದವನು ನಿಜವಾಗಿ ಏನು ಮಾಡುತ್ತಾನೆ ಎಂಬುದಕ್ಕಿಂತ, ಜನ ಅವನನ್ನು ಏನೆಂದು ತಿಳಿಯುತ್ತಾರೆ ಎಂಬುದರ ನಂಟೇ ಬಹಳ ಗಟ್ಟಿ.

ಇನ್ನು ದವಡೆಯ ವಿಷಯ. ಅವನ ಗಲ್ಲದ ಎರಡೂ ಬದಿ, ಕಿವಿಯ ಕೆಳಗೆ, ಗಂಟಿನಂತೆ ಉಬ್ಬಿದ್ದವು. ಮಾತಾಡದೆ ಕೂತಾಗ ಆ ಗಂಟು ಮಿಸುಕುತ್ತಿತ್ತು, ಹಲ್ಲು ಒತ್ತಿ ಹಿಡಿದು ಬಿಡುವವರಲ್ಲಿ ಕಾಣುವ ಹಾಗೆ. ಬೆಳಿಗ್ಗೆ ಎದ್ದಾಗ ಗಲ್ಲ ನೋಯುತ್ತದೆಯೇ, ತಲೆ ಬದಿ ಹಿಡಿದುಕೊಳ್ಳುತ್ತದೆಯೇ ಎಂದು ಕೇಳಿದೆ. ಹೌದು. ರಾತ್ರಿ ಹಲ್ಲು ಕಡಿಯುತ್ತಾನೆಂದು ಕೋಣೆಯವರು ಅವನ ಮಂಚವನ್ನು ಗೋಡೆ ಕಡೆ ನೂಕಿದ್ದರು. ಸಾಲದ್ದಕ್ಕೆ, ದವಡೆ ಗಟ್ಟಿಯಾಗಲೆಂದು ಆನ್‌ಲೈನ್‌ನಲ್ಲಿ ರಬ್ಬರಿನ ಉಂಡೆ ತರಿಸಿ ದಿನಾ ಒಂದು ತಾಸು ಅಗಿಯುತ್ತಿದ್ದ. ಡಿಗ್ರಿ ಹುಡುಗರು ಹೇಳಿಕೊಟ್ಟದ್ದು.

ದಂತವೈದ್ಯರ ಹತ್ತಿರ ಕಳಿಸಿದೆ. ಹಿಂದಿನ ಹಲ್ಲುಗಳ ತುದಿ ಸವೆದು ಚಪ್ಪಟೆಯಾಗಿದ್ದವು. ಅಗಿಯುವ ಸ್ನಾಯು ದಪ್ಪವಾಗಿದೆ, ಬಹಳ ದಿನದಿಂದ ಹಲ್ಲು ಕಡಿದದ್ದರಿಂದ ಹೀಗಾಗುತ್ತದೆ ಎಂದು ಅವರು ಬರೆದು ಕಳಿಸಿದರು. ತೋಳಿನ ಸ್ನಾಯು ಡಂಬೆಲ್ಸ್‌ಗೆ ಬೆಳೆಯುವಂತೆ ದವಡೆಯ ಸ್ನಾಯುವೂ ಬೆಳೆಯುತ್ತದೆ. ಹಲ್ಲು ಕಡಿಯುವುದಕ್ಕೆ ಮಾನಸಿಕ ಒತ್ತಡ ಒಂದು ದೊಡ್ಡ ಕಾರಣ. ಅವನ ಮುಖದಲ್ಲಿ ಜನ ಯಾವುದನ್ನು ಹೊಡೆದಾಟದವನ ಗುರುತು ಎನ್ನುತ್ತಿದ್ದರೋ ಅದರಲ್ಲಿ ಒಂದಿಷ್ಟು ಪಾಲು ಮೂರು ವರ್ಷ ರಾತ್ರಿ ರಾತ್ರಿ ಹೆದರಿ ಹಲ್ಲು ಕಡಿದು ಬೆಳೆಸಿಕೊಂಡದ್ದು.

ಹೆದರಿಕೆ ಯಾತರದ್ದು? ನಾಲ್ಕನೆಯ ಭೇಟಿಯಲ್ಲಿ ಒಂದೇ ಪ್ರಶ್ನೆ ಕೇಳಿದೆ. “ನಿನಗ ಜಾಸ್ತಿ ಹೊಡದವರು ಯಾರು?” ಅವನು ಕಿಟಕಿಯ ಕಡೆ ನೋಡಿದ. ಬಿಸಿಲಿಗೆ ಹೊರಗೆ ಒಂದು ನಾಯಿ ನೀರಿನ ಟಾಕಿಯ ನೆರಳಿಗೆ ಒರಗಿತ್ತು. “ಅಪ್ಪ” ಅಂದ. ಸ್ವಲ್ಪ ಹೊತ್ತಾದ ಮೇಲೆ, “ಅಪ್ಪನ ಮಾರಿ ಸಣ್ಣದದರಿ. ಎಲ್ಲಾರೂ ಸಾಧು ಮನಿಷ್ಯಾ ಅಂತಾರ.”

ಮುಖ ಓದುವ ಈ ಚಟ ಹಳೆಯದು. 1876ರಲ್ಲಿ ಇಟಲಿಯ ಚೆಸಾರೆ ಲೊಂಬ್ರೊಸೊ ದೊಡ್ಡ ದವಡೆ, ಎದ್ದ ಕೆನ್ನೆ ಎಲುಬು ಹುಟ್ಟಾ ಅಪರಾಧಿಯ ಲಕ್ಷಣ ಎಂದು ಬರೆದ. 1913ರಲ್ಲಿ ಚಾರ್ಲ್ಸ್ ಗೋರಿಂಗ್ ಇಂಗ್ಲೆಂಡಿನ ಸುಮಾರು 3,000 ಕೈದಿಗಳನ್ನು ಅಳೆದು ಅಂಥ ಪ್ರತ್ಯೇಕ ಜಾತಿಯ ಮುಖವೇ ಇಲ್ಲ ಎಂದ. ನಮ್ಮ ದೇಶದಲ್ಲಿ ಮುಖವನ್ನೂ ನೋಡದೆ ಬುಡಕಟ್ಟಿನ ಹೆಸರು ನೋಡಿಯೇ ಹುಟ್ಟಾ ಅಪರಾಧಿಗಳೆಂದು ಬರೆದಿಟ್ಟ ಕಾಯ್ದೆಯನ್ನು ಬ್ರಿಟಿಷರು 1871ರಲ್ಲಿ ತಂದರು. ಅದು ಹೋದದ್ದು 1952ರಲ್ಲಿ. ಆ ಸಮುದಾಯಗಳ ಮಕ್ಕಳು ಈಗಲೂ ನನ್ನ ಕೋಣೆಗೆ ಬರುತ್ತಾರೆ, ಕಳುವಾದಾಗ ಮೊದಲು ತಮ್ಮ ಚೀಲ ತೆಗೆಸುತ್ತಾರೆ ಎಂದು ಹೇಳುತ್ತಾರೆ. ಅದಕ್ಕೇ ರೀಲ್ಸ್‌ನಲ್ಲಿ ಇದೇ ಮಾತು ಹೊಸ ಬಟ್ಟೆ ತೊಟ್ಟು ಬಂದಾಗ ನನಗೆ ಸುಮ್ಮನಿರಲು ಆಗುವುದಿಲ್ಲ.

ಮಲ್ಲುವಿಗೆ ಕೊಟ್ಟ ಸಲಹೆ ಹೀಗಿತ್ತು. ಮೊದಲನೆಯದಾಗಿ, ಹೊಡೆದದ್ದು ಹೊಡೆದದ್ದೇ. “ಕಾಕಾನ ಮಾರಿ ಹೊಡೀಲಿಲ್ಲ, ನಿನ್ನ ಕೈ ಹೊಡೀತು” ಎಂದು ನೇರ ಹೇಳಿದೆ. ಎಲುಬಿನ ಮೇಲೆ ಹಾಕಿದರೆ ತಪ್ಪೂ ಎಲುಬಿನದಾಗುತ್ತದೆ, ಬಿಡುವ ದಾರಿಯೂ ಇಲ್ಲದಾಗುತ್ತದೆ. ಹಲ್ಲು ಮುರಿದ ಹುಡುಗನನ್ನು ಕಂಡು ಕ್ಷಮೆ ಕೇಳುವುದು, ಖರ್ಚಿಗೆ ಜವಾಬ್ದಾರಿ ಹೊರುವುದು ಅವನೇ ಮಾಡಬೇಕೆಂದೆ. ಅವನು ಮೂರು ವಾರ ಮುಂದೂಡಿದ, ನಂತರ ಹೋದ. ಆ ಹುಡುಗ ಬಾಗಿಲು ಪೂರ್ತಿ ತೆರೆಯಲಿಲ್ಲವಂತೆ. ಇದನ್ನೂ ತಡೆದುಕೊಳ್ಳಬೇಕಾಗುತ್ತದೆ ಎಂದು ಹೇಳಿದೆ.

ಅಳೆಯುವ ಆ್ಯಪ್ ಅವನೇ ತೆಗೆದು ಹಾಕಿದ, ರಬ್ಬರ್ ಉಂಡೆಯನ್ನೂ ಎಸೆದ. ಅದರ ಬದಲು ಒಂದು ಚಿಕ್ಕ ನೋಟ್‌ಬುಕ್ ಕೊಟ್ಟೆ. ಸಿಟ್ಟು ಬಂದಾಗಲೆಲ್ಲ ಬರೆಯಬೇಕು: ಮೈಯಲ್ಲಿ ಮೊದಲು ಎಲ್ಲಿ ಗೊತ್ತಾಯಿತು, ಯಾರು ಏನಂದರು, ನಾನು ಏನು ಮಾಡಿದೆ. ಎರಡು ವಾರದ ಬರಹದಲ್ಲಿ ಒಂದು ಸಂಗತಿ ಹೊರಬಂತು. ಹನ್ನೊಂದು ಸಲ ಸಿಟ್ಟು ಬಂದಿತ್ತು, ಹನ್ನೊಂದೂ ಸಲ ಕಿವಿ ಬಿಸಿಯಾಗಿತ್ತು, ಒಂದು ಸಲವೂ ಕೈ ಎತ್ತಿರಲಿಲ್ಲ. ಹುಟ್ಟಾ ಹೊಡೆಯುವವನಾದರೆ ಈ ಹನ್ನೊಂದೂ ಸಲ ಏನಾಗಬೇಕಿತ್ತು ಎಂದು ಅವನನ್ನೇ ಕೇಳಿದೆ. ಕಿವಿ ಬಿಸಿಯಾಯಿತೆಂದರೆ ಅಲ್ಲಿಂದ ಕಾಲು ತೆಗೆಯುವುದು, ನಲ್ಲಿಯ ಹತ್ತಿರ ಹೋಗಿ ಮಾರಿ ತೊಳೆದುಕೊಳ್ಳುವುದು, ಉಸಿರನ್ನು ಒಳಗೆ ತೆಗೆದುಕೊಂಡದ್ದಕ್ಕಿಂತ ಹೊರಗೆ ಬಿಡುವುದು ನಿಧಾನ ಮಾಡುವುದು. ಇಷ್ಟನ್ನು ಕೋಣೆಯಲ್ಲೇ ಹತ್ತಾರು ಸಲ ಆಡಿಸಿ ಆಡಿಸಿ ರೂಢಿ ಮಾಡಿದೆವು. ದವಡೆಗೆ ದಂತವೈದ್ಯರು ಹೇಳಿದ್ದೇ ನಮ್ಮ ಪಾಠ: ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ. ಮೊಬೈಲ್ ಮುಟ್ಟಿದಾಗಲೆಲ್ಲ ಅದನ್ನು ನೆನಪು ಮಾಡಿಕೊಳ್ಳಬೇಕು. ರಾತ್ರಿ ಹಲ್ಲಿಗೆ ಹಾಕುವ ಕವಚವನ್ನೂ ಕೊಟ್ಟರು.

ಬಾಜೂಕ ನಿಲ್ಲಲು ಕರೆಯುವ ಹುಡುಗರ ವಿಷಯವೇ ಎಲ್ಲಕ್ಕಿಂತ ಕಷ್ಟ. ಅವರನ್ನು ಬಿಟ್ಟರೆ ಅವನಿಗೆ ಯಾರೂ ಇರಲಿಲ್ಲ. ಒಂಟಿ ಹುಡುಗನಿಗೆ ಗೆಳೆತನ ಬಿಡು ಎಂದು ಸಲಹೆ ಕೊಡುವುದು ಸುಲಭ. ಅದರ ಜಾಗಕ್ಕೆ ಏನೂ ಕೊಡದಿದ್ದರೆ ಅವನು ವಾಪಸು ಹೋಗುತ್ತಾನೆ. ಮತ್ತೆ ಗರಡಿಗೆ ಹೋಗುವ ಮಾತು ಎತ್ತಿದೆ. ಕುಸ್ತಿ ಆಡಿದರೆ ಸಿಟ್ಟು ಹೊರಗೆ ಹೋಗಿ ಖಾಲಿಯಾಗುತ್ತದೆ ಎಂಬ ನಂಬಿಕೆ ನನಗಿಲ್ಲ, ಹೊಡೆದು ಸಿಟ್ಟು ತೀರಿಸಿಕೊಳ್ಳುವುದರಿಂದ ಸಿಟ್ಟು ಬೆಳೆಯುವುದೇ ಹೆಚ್ಚು. ನಾನು ಗರಡಿ ಹೇಳಿದ್ದು ವಸ್ತಾದರಿಗಾಗಿ, ಅವನ ಹೆಸರು ಹಿಡಿದು ಕರೆಯುವ ಒಬ್ಬ ಹಿರಿಯ ಗಂಡಸು ಇರಲಿ ಎಂದು. ಈಗ ವಾರಕ್ಕೆ ಮೂರು ದಿನ ಬೆಳಿಗ್ಗೆ ಹೋಗುತ್ತಾನೆ.

ತಂದೆ ಪುಣೆಯಿಂದ ಬಂದಾಗ ಒಂದು ಸಲ ಬಂದರು. ಮಗ ಹೇಳಿದ್ದನ್ನು ಅವನ ಒಪ್ಪಿಗೆ ಪಡೆದು, ಅವನೆದುರೇ ಮಾತಾಡಿದೆ. “ನಮ್ಮಪ್ಪನೂ ನನಗ ಹೊಡದೇ ಬೆಳಸ್ಯಾನರಿ” ಎಂದರು. “ನಿಮಗ ಹಿತ ಆಗಿತ್ತೇನ್ರಿ?” ಎಂದು ಕೇಳಿದೆ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ಮಗನ ಮೇಲೆ ಇನ್ನು ಕೈ ಎತ್ತುವುದಿಲ್ಲ ಎಂದು ನನಗೆ ಹೇಳಿದರು, ನಾನು ಮಗನಿಗೆ ಹೇಳಿ ಎಂದೆ. ಹೇಳಿದರು. ತಾಯಿಗೆ ನನ್ನ ಸಲಹೆ ಒಂದೇ: “ಅಕ್ಕಾರ, ‘ಇವನ ಮಾರಿನೇ ಹಂಗ’ ಅನ್ನೋ ಮಾತು ಬಿಡ್ರಿ. ಮಗನ ಪರವಾಗಿ ಹೇಳೂ ಮುಂದೂ ಬ್ಯಾಡ.” ಸಮರ್ಥನೆಯ ಮಾತಿನಲ್ಲೇ ಆರೋಪ ಅಡಗಿ ಕೂತಿತ್ತು. ಆಯಿಯ ಬಾಯಿ ಮಾತ್ರ ನಮ್ಮ ಕೈಗೆ ಸಿಕ್ಕಿಲ್ಲ. ಹಬ್ಬಕ್ಕೆ ಹೋದಾಗ ಮತ್ತೆ ಕಾಕಾನ ಹೆಸರು ತೆಗೆದಳಂತೆ. ಮಲ್ಲು ಎದ್ದು ದನಕ್ಕೆ ನೀರು ಕುಡಿಸಲು ಹೋದನಂತೆ, ಹಲ್ಲಿಗೆ ಹಲ್ಲು ಒತ್ತದೆ.

ನನ್ನ ಒಂದು ಸಲಹೆ ಅವನಿಗೆ ತಿರುಗಿ ಬಡಿಯಿತು. ಮಾತಾಡುವವರ ಮುಖ ನೋಡಿ ತಲೆ ನೆಟ್ಟಗಿಡು ಎಂದಿದ್ದೆ. ಹಾಸ್ಟೆಲಿಗೆ ವಾಪಸಾದ ಮೊದಲ ವಾರವೇ ವಾರ್ಡನ್ ಏನೋ ಕೇಳಿದಾಗ ಹಾಗೆ ನಿಂತ. “ಯಾಕೋ, ಎದುರೆದುರು ನೋಡ್ತಿ?” ಎಂದು ಬೈಸಿಕೊಂಡ. ತಲೆ ತಗ್ಗಿಸಿದರೆ ಗೂಂಡಾ, ಎತ್ತಿದರೆ ಉದ್ಧಟ. ಹುಡುಗನಿಗೆ ಮಾತ್ರ ಪಾಠ ಹೇಳಿದರೆ ಇಂಥದು ಆಗುತ್ತದೆ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ಅವನನ್ನು ಕೇಳಿಕೊಂಡು ನಾನೇ ವಾರ್ಡನ್ ಹತ್ತಿರ ಹೋದೆ. ಅವರು ಕೆಟ್ಟವರಲ್ಲ, ನೂರಾರು ಹುಡುಗರಿಗೆ ಒಬ್ಬರೇ. ನನಗೂ ಮೊದಲ ದಿನ ಅಳುಕಾಗಿತ್ತು ಎಂದು ಹೇಳಿದಾಗ ಅವರ ಬಿಗಿ ಸಡಿಲವಾಯಿತು. ಮೂರು ಫೋಟೊಗಳನ್ನು ಮಲ್ಲು ತಾನೇ ತೋರಿಸಿದ. ಅವರು ಕನ್ನಡಕ ಹಾಕಿಕೊಂಡು ಎರಡೆರಡು ಸಲ ನೋಡಿದರು. ಜಗಳವಾದರೆ ಮೊದಲು ಹೆಸರು ಬರೆಯುವ ಬದಲು ಪುಸ್ತಕದಲ್ಲಿ ಮೂರು ಕಾಲಂ ಹಾಕೋಣ ಎಂದು ಕೇಳಿಕೊಂಡೆ: ಹೊಡೆದವರು, ಪೆಟ್ಟಾದವರು, ನೋಡಿದವರು. ಪ್ರತಿಯೊಬ್ಬರೂ ತಾವು ಕಣ್ಣಾರೆ ಕಂಡದ್ದನ್ನು ಒಂದು ಸಾಲು ತಾವೇ ಬರೆಯಬೇಕು. ಕೆಲಸ ಹೆಚ್ಚಾಗುತ್ತದೆ ಎಂದು ಗೊಣಗಿದರು, ಆದರೂ ಒಪ್ಪಿದರು.

ಇಂಥ ಹುಡುಗರು ನಿಮ್ಮ ಮನೆಯಲ್ಲೋ ಹಾಸ್ಟೆಲಿನಲ್ಲೋ ಇದ್ದು, ರಾತ್ರಿ ನಿದ್ದೆ ಕೆಟ್ಟು ಹಲ್ಲು ಕಡಿಯುತ್ತಿದ್ದರೆ, ಮುಖವನ್ನೇ ದ್ವೇಷಿಸತೊಡಗಿದ್ದರೆ, ಎಲುಬಿನ ಆಕಾರ ಬದಲಿಸಲು ಮುಖಕ್ಕೆ ಪೆಟ್ಟು ಕೊಟ್ಟುಕೊಳ್ಳುವ ಹುಚ್ಚಾಟಕ್ಕೆ ಇಳಿದಿದ್ದರೆ ಕಾಯಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದೊಯ್ಯಿರಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಮಗುವಿಗೆ ಹೊಡೆತ ಬೀಳುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಏಳನೆಯ ಭೇಟಿಗೆ ಮಲ್ಲು ಬಂದಾಗ ಮೊಬೈಲಿನಲ್ಲಿ ಹಾಸ್ಟೆಲಿನ ಆ ಪುಸ್ತಕದ ಒಂದು ಪುಟದ ಫೋಟೊ ತೆಗೆದುಕೊಂಡು ಬಂದಿದ್ದ. ಅವನು ಕೇಳಿದ್ದಕ್ಕೆ ವಾರ್ಡನ್ ಒಪ್ಪಿ ತೆಗೆದುಕೊಳ್ಳಲು ಬಿಟ್ಟಿದ್ದರು, ಬೇರೆಯವರ ಹೆಸರಿನ ಮೇಲೆ ಕಾಗದ ಮುಚ್ಚಿ. ಹಿಂದಿನ ವಾರ ಸ್ನಾನದ ನೀರಿನ ಸಲುವಾಗಿ ಜಗಳವಾಗಿ ಒಬ್ಬನ ಹಣೆಗೆ ಪೆಟ್ಟಾಗಿತ್ತು. ಮೂರನೆಯ ಕಾಲಂನಲ್ಲಿ ಅವನ ಹೆಸರು ಇತ್ತು, ಎದುರಿಗೆ ಅವನದೇ ಕೈಬರಹದಲ್ಲಿ ಒಂದು ಸಾಲು: “ನಾ ಬಾಗಿಲಾಗ ನಿಂತಿದ್ದೆ, ಯಾರು ಮೊದಲು ನೂಕಿದ್ರು ಅಂತ ನೋಡೀನಿ.”